ಜೇಡದ ಬಾಯಾರಿಕೆ

ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ, ಜರ್ಮನಿಯಲ್ಲಿ ಓದುತ್ತಿರುವ ಗೆಳೆಯನಿಂದ ಒಂದು ಫೋಟೋ ಬಂತು. ಗಾಜಿನ ಪೆಟ್ಟಿಗೆಯ ತಳದಲ್ಲಿ ಎಂಟೂ ಕಾಲುಗಳನ್ನು ಹೊಟ್ಟೆಯಡಿಗೆ ಮಡಚಿಕೊಂಡು ಬಿದ್ದಿದ್ದ ಕಪ್ಪು ಜೇಡ. ಕಾಲ್ಬೆರಳಿನಂತಹ ತುದಿಗಳು ಮಾತ್ರ ನಸುಗೆಂಪು. ಫೋಟೋದ ಕೆಳಗೆ ಒಂದೇ ಸಾಲು: "ನೀರು ಕಡಿಮೆ ಆಯ್ತೇನೋ ಮಾರಾಯ?"

ಜೇಡ ಟ್ಯಾರಂಟುಲಾ ಜಾತಿಯದು. ಅಲ್ಲಿಯೇ ಸಾಕಣೆಯಲ್ಲಿ ಹುಟ್ಟಿದ್ದನ್ನು ಅವನು ನಾಲ್ಕು ತಿಂಗಳ ಹಿಂದೆ ತಂದಿದ್ದ. ನಾನು ಫೋಟೋವನ್ನು ಹಿಗ್ಗಿಸಿ ನೋಡಿದೆ. ಗಾಜಿನ ಒಳಗೋಡೆಯ ಮೇಲೆ ಹನಿಗಳು ಸಾಲಾಗಿ ಇಳಿಯುತ್ತಿದ್ದವು. ಮೂಲೆಯ ಪುಟ್ಟ ಮೀಟರು 85 ತೋರಿಸುತ್ತಿತ್ತು. ಪಾಲನೆಯ ಕೈಚೀಟಿಯಲ್ಲಿ ಬರೆದಿದ್ದಂತೆ ದಿನಕ್ಕೆ ಎರಡು ಸಲ ನೀರು ಸಿಂಪಡಿಸುತ್ತಿದ್ದನಂತೆ. ನೀರು ಕಡಿಮೆಯಾಗಿರಲಿಲ್ಲ, ಅದಂತೂ ಕಣ್ಣಿಗೇ ಕಾಣುತ್ತಿತ್ತು.

ನಾನು ಜೀವಶಾಸ್ತ್ರದವನಲ್ಲ, ಇತಿಹಾಸದ ವಿದ್ಯಾರ್ಥಿ. ಆ ಜೇಡ ಯಾಕೆ ಸತ್ತಿತೆಂದು ಒಂದು ಫೋಟೋ ನೋಡಿ ಹೇಳಲು ನನ್ನಿಂದಾಗದು. ಆದರೆ ಅದರ ಹಿಂದಿನ ಇನ್ನೊಂದು ಪ್ರಶ್ನೆ ನನ್ನ ಹೊಲದ್ದೇ ಆಗಿತ್ತು: ಈ ಪ್ರಾಣಿಗೆ ಇಷ್ಟು ತೇವ ಬೇಕೆಂದು ಯಾರು, ಯಾವಾಗ, ಯಾಕೆ ತೀರ್ಮಾನಿಸಿದರು? ಅದನ್ನು ಹುಡುಕುತ್ತ ಹೋದಾಗ ನನಗೆ ಸಿಕ್ಕಿದ್ದು ಮುನ್ನೂರು ವರ್ಷಗಳ ಒಂದು ಕಥೆ. ಅದರಲ್ಲಿ ಜೇಡಕ್ಕಿಂತ ಹೆಚ್ಚಾಗಿ, ದೂರದ ನಾಡುಗಳ ಬಗ್ಗೆ ಮನುಷ್ಯರು ಕಟ್ಟಿಕೊಂಡ ಚಿತ್ರಗಳೇ ಇವೆ.

ಹೆಸರಿನಿಂದಲೇ ಶುರುಮಾಡೋಣ. ಕನ್ನಡದಲ್ಲಿ ಜೇಡ ಎಂದರೆ ನೇಕಾರನೂ ಹೌದು. ಜೇಡರ ದಾಸಿಮಯ್ಯನ ಹೆಸರಿನಲ್ಲಿರುವುದು ಆ ಅರ್ಥವೇ. ನಾವು ಈ ಪ್ರಾಣಿಯನ್ನು ಅದರ ಕಸುಬಿನಿಂದ ಗುರುತಿಸಿದೆವು. ಟ್ಯಾರಂಟುಲಾ ಎಂಬುದು ಹಾಗಲ್ಲ, ಅದು ಭಯದಿಂದ ಹುಟ್ಟಿದ ಹೆಸರು. ಇಟಲಿಯ ದಕ್ಷಿಣದ ಟಾರಂಟೊ ಊರಿನ ಸುತ್ತ ಒಂದು ಬಗೆಯ ಜೇಡ ಕಚ್ಚಿದರೆ ದಣಿದು ಬೀಳುವವರೆಗೆ ಕುಣಿಯಬೇಕೆಂಬ ನಂಬಿಕೆಯಿತ್ತು. ಆ ಜೇಡ ಇಂದು ನಾವು ಟ್ಯಾರಂಟುಲಾ ಎನ್ನುವ ಗುಂಪಿಗೆ ಸೇರಿದ್ದೇ ಅಲ್ಲ. ಯುರೋಪಿನವರು ಅಮೆರಿಕ ಖಂಡಕ್ಕೆ ಹೋದಾಗ ಅಲ್ಲಿ ಕಂಡ ದೊಡ್ಡ ರೋಮದ ಜೇಡಗಳಿಗೆ ಹಳೆಯ ಹೆಸರನ್ನೇ ಅಂಟಿಸಿದರು. ಅಂದರೆ ಪ್ರಾಣಿಯನ್ನು ನೋಡುವ ಮೊದಲೇ ಅದರ ಬಗ್ಗೆ ಒಂದು ಕಥೆ ಸಿದ್ಧವಾಗಿತ್ತು.

ಅದನ್ನು ಹತ್ತಿರದಿಂದ ನೋಡಿ ಬರೆದ ಮೊದಲಿಗರಲ್ಲಿ ಒಬ್ಬರು ಮರಿಯಾ ಸಿಬಿಲಾ ಮೇರಿಯನ್. 1699ರಲ್ಲಿ, ತಮ್ಮ ಐವತ್ತರ ಹರೆಯದಲ್ಲಿ, ಕಿರಿಯ ಮಗಳನ್ನು ಕರೆದುಕೊಂಡು ಆಕೆ ಡಚ್ಚರ ವಸಾಹತಾಗಿದ್ದ ದಕ್ಷಿಣ ಅಮೆರಿಕದ ಸುರಿನಾಮಿಗೆ ಹಡಗು ಹತ್ತಿದರು. ಕಾಯಿಲೆ ಬಿದ್ದು 1701ರಲ್ಲಿ ಮರಳಿದರೂ, ಅಲ್ಲಿ ಕಂಡದ್ದನ್ನು 1705ರಲ್ಲಿ ದೊಡ್ಡ ಚಿತ್ರಗ್ರಂಥವಾಗಿ ಹೊರತಂದರು. ಅದರ 18ನೇ ಚಿತ್ರದಲ್ಲಿ ಒಂದು ಸೀಬೆ ಗಿಡವಿದೆ. ಅದರ ಮೇಲೆ ಇರುವೆಗಳ ಜೊತೆ ಒಂದು ಕಪ್ಪು ಜೇಡ ಪುಟ್ಟ ಝೇಂಕಾರದ ಹಕ್ಕಿಯೊಂದನ್ನು ಗೂಡಿನಿಂದ ಎಳೆದು ತಿನ್ನುತ್ತಿದೆ. ಆ ಚಿತ್ರದ ನೆನಪಿನಲ್ಲೇ ಲಿನೇಯಸ್ 1758ರಲ್ಲಿ ಆ ಜೇಡಕ್ಕೆ 'ಅವಿಕ್ಯುಲೇರಿಯಾ' ಎಂಬ, ಹಕ್ಕಿಯನ್ನು ಸೂಚಿಸುವ ಹೆಸರಿಟ್ಟ. ನನ್ನ ಗೆಳೆಯನ ಗಾಜಿನ ಪೆಟ್ಟಿಗೆಯಲ್ಲಿದ್ದದ್ದು ಇದೇ ಕುಲದ ಜೇಡ.

ನೂರು ವರ್ಷ ಕಳೆಯುವಷ್ಟರಲ್ಲಿ ಮೇರಿಯನ್ ಮಾತಿನ ಮೇಲೆ ಅನುಮಾನ ಶುರುವಾಯಿತು. ಜೇಡ ಹಕ್ಕಿಯನ್ನು ತಿನ್ನುವುದೆಂದರೆ ಹೆಂಗಸಿನ ಕಟ್ಟುಕತೆ ಎಂಬಂತೆ 19ನೇ ಶತಮಾನದ ಕೆಲವು ವಿದ್ವಾಂಸರು ತಳ್ಳಿಹಾಕಿದರು. ಆಕೆಯ ಪರವಾಗಿ ಸಾಕ್ಷಿ ಹೇಳಿದವನು ಹೆನ್ರಿ ವಾಲ್ಟರ್ ಬೇಟ್ಸ್. ಹನ್ನೊಂದು ವರ್ಷ ಅಮೆಜಾನಿನಲ್ಲಿ ಅಲೆದ ಈತ, 1863ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಕಮೆಟಾ ಎಂಬಲ್ಲಿ ಇಂಥ ಜೇಡ ಎರಡು ಪುಟ್ಟ ಹಕ್ಕಿಗಳನ್ನು ಹಿಡಿದದ್ದನ್ನು ಕಂಡೆನೆಂದು ದಾಖಲಿಸಿದ. ಅದೇ ಜಾಗದಲ್ಲಿ ಅವನು ಇನ್ನೊಂದು ಮಾತನ್ನೂ ಹೇಳುತ್ತಾನೆ. ತನಗಾಗಿ ಪ್ರಾಣಿಗಳನ್ನು ಸಂಗ್ರಹಿಸಿ ಕೊಡುತ್ತಿದ್ದ ಒಂದು ಮೂಲನಿವಾಸಿ ಕುಟುಂಬದ ಮಕ್ಕಳು ದೊಡ್ಡ ಜೇಡವೊಂದರ ಸೊಂಟಕ್ಕೆ ದಾರ ಕಟ್ಟಿ, ನಾಯಿಯನ್ನು ಕರೆದೊಯ್ಯುವಂತೆ ಮನೆಯೊಳಗೆ ಓಡಾಡಿಸುತ್ತಿದ್ದರಂತೆ. ಟ್ಯಾರಂಟುಲಾವನ್ನು ಸಾಕುಪ್ರಾಣಿಯಂತೆ ನಡೆಸಿಕೊಂಡ ಹಳೆಯ ದಾಖಲೆಗಳಲ್ಲಿ ಇದೂ ಒಂದು. ಆ ಮಕ್ಕಳ ಬಳಿ ಮೀಟರೂ ಇರಲಿಲ್ಲ, ಸಿಂಪಡಿಸುವ ಬಾಟಲಿಯೂ ಇರಲಿಲ್ಲ. ಜೇಡದ ಮನೆಯೂ ಅವರ ಮನೆಯೂ ಒಂದೇ ಹವೆಯಲ್ಲಿದ್ದವು.

ತೊಡಕು ಶುರುವಾಗುವುದು ಆ ಹವೆಯನ್ನು ಬಿಟ್ಟು ಹೊರಟಾಗ. ಅದಕ್ಕೊಂದು ಪೆಟ್ಟಿಗೆ ಬೇಕು. ಆ ಪೆಟ್ಟಿಗೆ ಹುಟ್ಟಿದ್ದು ಜೇಡಕ್ಕಾಗಿ ಅಲ್ಲ, ಒಂದು ಪತಂಗಕ್ಕಾಗಿ. ಸುಮಾರು 1829ರಲ್ಲಿ ಲಂಡನ್ನಿನ ವೈದ್ಯ ನಥಾನಿಯಲ್ ಬ್ಯಾಗ್‌ಷಾ ವಾರ್ಡ್, ಪತಂಗದ ಕೋಶವೊಂದನ್ನು ಒದ್ದೆ ಮಣ್ಣಿನೊಡನೆ ಗಾಜಿನ ಸೀಸೆಯಲ್ಲಿಟ್ಟು ಮುಚ್ಚಳ ಹಾಕಿದ. ಅದರೊಳಗೆ ಜರೀಗಿಡವೂ ಹುಲ್ಲೂ ಮೊಳೆತವು. ಲಂಡನ್ನಿನ ಹೊಗೆಯಲ್ಲಿ ಎಷ್ಟು ಪ್ರಯತ್ನಿಸಿದರೂ ಅವನಿಂದ ಜರೀಗಿಡ ಬೆಳೆಸಲಾಗಿರಲಿಲ್ಲ. ಹಗಲಿನಲ್ಲಿ ಆವಿಯಾದ ನೀರು ಗಾಜಿಗೆ ತಾಗಿ ಹನಿಯಾಗಿ ಮತ್ತೆ ಮಣ್ಣಿಗೇ ಇಳಿಯುವುದನ್ನು ಅವನು ಗಮನಿಸಿದ. ಹೊಸ ನೀರು ಹಾಕದೆಯೇ ಗಿಡಗಳು ವರ್ಷಗಟ್ಟಲೆ ಬದುಕಿದವು. 1842ರಲ್ಲಿ ಅವನು ಇದರ ಬಗ್ಗೆ ಪುಸ್ತಕ ಬರೆದ. 'ವಾರ್ಡ್ ಪೆಟ್ಟಿಗೆ' ಎಂದು ಹೆಸರಾದ ಈ ಗಾಜಿನ ಪೆಟ್ಟಿಗೆಗಳಲ್ಲೇ ಮುಂದೆ ರಾಬರ್ಟ್ ಫಾರ್ಚೂನ್ ಚೀನಾದ ಚಹಾ ಗಿಡಗಳನ್ನು ಭಾರತಕ್ಕೆ ಸಾಗಿಸಿದ. ಇಂದಿನ ಟೆರೇರಿಯಂ ಎಂಬ ಅಲಂಕಾರದ ಗಾಜಿನ ತೋಟಕ್ಕೂ ಅದೇ ಹಿರಿಯ.

ವಾರ್ಡ್ ಪೆಟ್ಟಿಗೆ ಯುರೋಪಿನ ಬೈಠಕ್ ಖಾನೆಗಳಿಗೆ ಗಿಡವನ್ನಷ್ಟೇ ತರಲಿಲ್ಲ, ಒಂದು ಚಿತ್ರವನ್ನೂ ತಂದಿತು: ಉಷ್ಣವಲಯವೆಂದರೆ ಬೆವರುವ ಗಾಜಿನೊಳಗಿನ ಹಸಿರು. ವಸಾಹತು ಕಾಲದ ಪ್ರವಾಸ ಕಥನಗಳೂ ಗಾಜಿನ ಹಸಿರುಮನೆಗಳೂ ಇದನ್ನೇ ಗಟ್ಟಿಮಾಡಿದವು. ಉಷ್ಣವಲಯದಲ್ಲಿ ಎಂಟು ತಿಂಗಳು ಒಣಗಿ ಬಿರುಕು ಬಿಡುವ ನೆಲವಿದೆ, ಎಲೆ ಉದುರಿಸಿ ನಿಲ್ಲುವ ಕಾಡಿದೆ ಎಂಬುದು ಆ ಚಿತ್ರದಲ್ಲಿಲ್ಲ. ಬಳ್ಳಾರಿಯ ಏಪ್ರಿಲ್ ತಿಂಗಳನ್ನು ಕಂಡ ಯಾರೂ ಅಂಥ ಚಿತ್ರ ಬರೆಯಲಾರರು.

ಚಿತ್ರದ ಜೊತೆಗೆ ಒಂದು ಅಂಕಿಯೂ ಸೇರಿಕೊಂಡಿತು. ಗಾಳಿಯ ತೇವವನ್ನು ಅಳೆಯಲು ಜಿನೀವಾದ ಸಾಸ್ಯೂರ್ 1783ರಲ್ಲಿ ಮನುಷ್ಯರ ತಲೆಗೂದಲು ಬಳಸಿದ ಉಪಕರಣವನ್ನು ವಿವರಿಸಿದ್ದ. ಕೂದಲು ತೇವಕ್ಕೆ ಹಿಗ್ಗುತ್ತದೆ, ಒಣಗಿದರೆ ಕುಗ್ಗುತ್ತದೆ. ಮುಳ್ಳು ಅದಕ್ಕೆ ತಕ್ಕಂತೆ ತಿರುಗುತ್ತದೆ. ನಾವು ಇಂದು ಶೇಕಡಾ ಲೆಕ್ಕದಲ್ಲಿ ಹೇಳುವ ಸಾಪೇಕ್ಷ ಆರ್ದ್ರತೆ ಗಾಳಿಯಲ್ಲಿ ಎಷ್ಟು ನೀರಿದೆ ಎಂಬುದನ್ನು ನೇರವಾಗಿ ಹೇಳುವುದಿಲ್ಲ. ಆ ಉಷ್ಣತೆಯಲ್ಲಿ ಗಾಳಿ ಹಿಡಿದಿಡಬಲ್ಲ ನೀರಿನಲ್ಲಿ ಎಷ್ಟು ಪಾಲು ತುಂಬಿದೆ ಎಂಬುದನ್ನು ಹೇಳುತ್ತದೆ. ಕೋಣೆ ಬಿಸಿಯಾದರೆ ಒಂದು ಹನಿ ನೀರೂ ಹೋಗದೆ ಅಂಕಿ ಇಳಿಯುತ್ತದೆ, ತಣ್ಣಗಾದರೆ ಏರುತ್ತದೆ. ಒಂದೇ ಪೆಟ್ಟಿಗೆಯಲ್ಲಿ ದೀಪದ ಬಳಿ ಒಂದು ಅಂಕಿ, ಮಣ್ಣಿನ ಬಿಲದೊಳಗೆ ಇನ್ನೊಂದು. ಹೀಗಿರುವಾಗ 'ಈ ಜೇಡಕ್ಕೆ 80 ಬೇಕು' ಎಂಬ ಮಾತಿಗೆ ಅರ್ಥವೇನು? ಯಾವ ಹೊತ್ತಿನಲ್ಲಿ, ಎಲ್ಲಿ ಅಳೆದ 80?

20ನೇ ಶತಮಾನದ ಮೊದಲರ್ಧದಲ್ಲಿ ಟ್ಯಾರಂಟುಲಾವನ್ನು ವರ್ಷಗಟ್ಟಲೆ ಇಟ್ಟುಕೊಂಡು ನೋಡಿದವರು ವಿಜ್ಞಾನಿಗಳು. ಅಮೆರಿಕದ ಅರ್ಕನ್ಸಾ ವಿಶ್ವವಿದ್ಯಾಲಯದ ವಿಲಿಯಂ ಬೇರ್ಗ್ ಅವರಲ್ಲೊಬ್ಬ. ವಿಷದ ಪರಿಣಾಮ ತಿಳಿಯಲು ಜೇಡಗಳಿಂದ ತಾನೇ ಕಚ್ಚಿಸಿಕೊಂಡ ಆಸಾಮಿ ಆತ. ಹೆಣ್ಣು ಟ್ಯಾರಂಟುಲಾಗಳು ಇಪ್ಪತ್ತು ವರ್ಷಕ್ಕೂ ಹೆಚ್ಚು ಬದುಕುತ್ತವೆಂದು ತೋರಿಸಿದ, 1958ರಲ್ಲಿ ಅವುಗಳ ಬಗ್ಗೆ ಒಂದು ಪುಸ್ತಕ ಬರೆದ. ಈ ಪ್ರಾಣಿ ತಿಂಗಳುಗಟ್ಟಲೆ ಊಟವಿಲ್ಲದೆ ಇರಬಲ್ಲದು, ಆದರೆ ಕುಡಿಯಲು ನೀರು ಬೇಕು ಎಂಬುದು ಪ್ರಯೋಗಾಲಯದಲ್ಲಿ ಅದನ್ನು ಸಾಕಿದವರಿಗೆಲ್ಲ ಗೊತ್ತಿದ್ದ ಸಂಗತಿ.

ನೀರು ಯಾಕೆ ಅಷ್ಟು ಮುಖ್ಯ ಎಂಬುದಕ್ಕೂ ಅದೇ ದಶಕಗಳಲ್ಲಿ ಉತ್ತರ ಸಿಕ್ಕಿತು. ಜೇಡದ ಕಾಲಿನ ಎರಡು ಮುಖ್ಯ ಕೀಲುಗಳಲ್ಲಿ ಮಡಚುವ ಸ್ನಾಯುಗಳಿವೆ, ಚಾಚುವ ಸ್ನಾಯುಗಳಿಲ್ಲ. ಅದು ಕಾಲು ಚಾಚುವುದು ದೇಹದ ದ್ರವವನ್ನು ಒತ್ತಿ ಕಾಲಿನೊಳಕ್ಕೆ ನೂಕಿ. ಜೆಸಿಬಿಯ ಕೈ ಎಣ್ಣೆಯ ಒತ್ತಡದಿಂದ ಚಾಚಿಕೊಳ್ಳುವ ಹಾಗೆ. ಎಲ್ಲಿಸ್ 1944ರಲ್ಲಿ, ಪ್ಯಾರಿ ಮತ್ತು ಬ್ರೌನ್ 1959ರಲ್ಲಿ ಇದನ್ನು ಪ್ರಯೋಗಗಳಿಂದ ತೋರಿಸಿದರು. 1974ರಲ್ಲಿ ಸ್ಟೂವರ್ಟ್ ಮತ್ತು ಮಾರ್ಟಿನ್ ಟ್ಯಾರಂಟುಲಾದ ರಕ್ತದೊತ್ತಡವನ್ನೇ ಅಳೆದರು. ದೇಹದ ನೀರು ಕಡಿಮೆಯಾದರೆ ಒತ್ತಡ ಇಳಿಯುತ್ತದೆ, ಕಾಲುಗಳು ಒಳಕ್ಕೆ ಮಡಚಿಕೊಳ್ಳುತ್ತವೆ. ಪೊರೆ ಕಳಚುವಾಗ ಹಳೆಯ ಚರ್ಮವನ್ನು ಒಡೆದು ಹೊರಬರುವುದಕ್ಕೂ ಇದೇ ಒತ್ತಡ ಬೇಕು.

ಇಲ್ಲಿ ಒಂದು ಮಾತು. ಬಾಯಾರಿ ಸಾಯುವ ಜೇಡವಷ್ಟೇ ಕಾಲು ಮಡಚುವುದಲ್ಲ. ಯಾವ ಕಾರಣಕ್ಕೆ ಸತ್ತರೂ ಒತ್ತಡ ಇಳಿದು ಕಾಲುಗಳು ಮಡಚಿಕೊಳ್ಳುತ್ತವೆ. ನನ್ನ ಗೆಳೆಯ ಮಡಚಿದ ಕಾಲುಗಳನ್ನು ನೋಡಿ 'ನೀರು ಕಡಿಮೆಯಾಯಿತು' ಎಂದು ಓದಿದ. ಆ ಓದು ಅವನೊಬ್ಬನದಲ್ಲ. ಜೇಡ ಸಪ್ಪಗಾದರೆ ಇನ್ನಷ್ಟು ಸಿಂಪಡಿಸು, ಇನ್ನೂ ಸಪ್ಪಗಾದರೆ ಗಾಳಿಕಿಂಡಿ ಮುಚ್ಚು: ಸಾಕುವವರು ದಶಕಗಳ ಕಾಲ ಮಾಡಿದ್ದು ಇದನ್ನೇ.

1970ರ ದಶಕದ ಹೊತ್ತಿಗೆ ಟ್ಯಾರಂಟುಲಾ ಅಮೆರಿಕದ ಸಾಕುಪ್ರಾಣಿ ಅಂಗಡಿಗಳಿಗೆ ಬಂದಿತ್ತು. ಎಲ್ಲರ ಮೆಚ್ಚಿನದು ಮೆಕ್ಸಿಕೋದ ಕೆಂಪು ಮಂಡಿಯ ಜೇಡ, ಬ್ರಾಕಿಪೆಲ್ಮಾ. 1897ರಲ್ಲಿ ಪಿಕಾರ್ಡ್-ಕೇಂಬ್ರಿಜ್ ಹೆಸರಿಟ್ಟ ಈ ಜೇಡದ ನೆಲೆ ಮೆಕ್ಸಿಕೋದ ಪೆಸಿಫಿಕ್ ಕರಾವಳಿಯ ಹಿಂದಿನ ಕುರುಚಲು ಕಾಡು. ಅಲ್ಲಿ ಜೂನ್‌ನಿಂದ ಅಕ್ಟೋಬರ್‌ವರೆಗೆ ಮಳೆ, ಉಳಿದಂತೆ ಒಣಹವೆ. ಜೇಡ ನೆಲದ ಬಿಲದಲ್ಲಿ ಆ ಒಣಗಾಲವನ್ನು ಕಳೆಯುತ್ತದೆ. ಅಂಥದ್ದನ್ನು 'ಉಷ್ಣವಲಯದ ಪ್ರಾಣಿ' ಎಂದು ಒದ್ದೆ ಪೆಟ್ಟಿಗೆಗಳಲ್ಲಿ ಇಟ್ಟರು. ನೀರಿನ ತಟ್ಟೆಯಲ್ಲಿ ಸ್ಪಂಜಿನ ತುಂಡೊಂದನ್ನು ಹಾಕಿ, ಜೇಡ ಅದನ್ನು ಹೀರಲಿ ಎಂದು ಬಿಟ್ಟರು. ಜೇಡ ಸ್ಪಂಜನ್ನು ಚೀಪುವುದಿಲ್ಲ. ಅದು ನೀರಿನ ಮೇಲೆ ಬಗ್ಗಿ, ಬಾಯನ್ನು ನೇರವಾಗಿ ನೀರಿಗಿಟ್ಟು, ಒಳಗಿನ ಹೀರುವ ಜಠರದಿಂದ ಎಳೆದುಕೊಳ್ಳುತ್ತದೆ. ಸ್ಪಂಜಿನಿಂದ ಲಾಭವಾದದ್ದು ಅದರೊಳಗೆ ಕೊಳೆತು ಬೆಳೆದ ಬ್ಯಾಕ್ಟೀರಿಯಾಗಳಿಗೆ ಮಾತ್ರ.

ಹಿಡಿದು ಮಾರುವ ಭರಾಟೆ ಎಷ್ಟಿತ್ತೆಂದರೆ 1985ರಲ್ಲಿ ಕೆಂಪು ಮಂಡಿಯ ಜೇಡವನ್ನೂ, ಅದಾದ ಹತ್ತು ವರ್ಷದಲ್ಲಿ ಇಡೀ ಕುಲವನ್ನೂ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಸೈಟ್ಸ್ ಒಪ್ಪಂದದ ಎರಡನೇ ಅನುಬಂಧಕ್ಕೆ ಸೇರಿಸಬೇಕಾಯಿತು. ಸಾಕಣೆಯಲ್ಲಿ ಜೇಡ ಸತ್ತರೆ ಅಂಗಡಿಯಲ್ಲಿ ಇನ್ನೊಂದು ಸಿಗುತ್ತಿತ್ತು, ಅಂಗಡಿಗೆ ಕಾಡಿನಿಂದ ಮತ್ತೊಂದು ಬರುತ್ತಿತ್ತು. ತಪ್ಪು ಕೈಚೀಟಿಯೊಂದರ ಬೆಲೆಯನ್ನು ದೂರದ ಕಾಡೊಂದು ತೆರುತ್ತಿತ್ತು.

ಈ ತಿಳಿವಳಿಕೆಯನ್ನು ತಿದ್ದುವುದರಲ್ಲಿ ದೊಡ್ಡ ಪಾಲು ಸ್ಟ್ಯಾನ್ಲಿ ಮತ್ತು ಮಾರ್ಗರೀಟ್ ಷುಲ್ಟ್ಸ್ ದಂಪತಿಯದು. 1984ರಲ್ಲಿ ಮೊದಲು ಬಂದು ಮುಂದೆ ಹಲವು ಸಲ ಹಿಗ್ಗಿದ ಅವರ ಕೈಪಿಡಿ ಸಾಕುವವರ ನಡುವೆ ಮನೆಮಾತಾಯಿತು. ಸ್ಪಂಜನ್ನು ಎಸೆಯಿರಿ, ಮೀಟರಿನ ಅಂಕಿಯನ್ನು ಬೆನ್ನಟ್ಟಬೇಡಿ, ಹೆಚ್ಚಿನ ಜಾತಿಗಳಿಗೆ ಒಣ ಮಣ್ಣು, ಅಗಲವಾದ ತಟ್ಟೆಯಲ್ಲಿ ಶುದ್ಧ ನೀರು ಸಾಕು ಎಂದು ಅವರು ಪಟ್ಟುಹಿಡಿದು ಹೇಳಿದರು. ಅದಕ್ಕೆ ಆಧಾರ ಜೇಡದ ದೇಹದಲ್ಲೇ ಇದೆ. ಜೇಡದ ಚರ್ಮದ ಹೊರಗೆ ನೀರನ್ನು ತಡೆಯುವ ಮೇಣದಂತಹ ತೆಳುಪದರವಿದೆ. ನೀರು ಹೋಗುವ ಇನ್ನೊಂದು ದಾರಿ ಹೊಟ್ಟೆಯಡಿಯ ಉಸಿರಿನ ಸೀಳುಗಳು. ಪುಸ್ತಕದ ಹಾಳೆಗಳಂತೆ ಒಂದರ ಮೇಲೊಂದು ಜೋಡಿಸಿದ ನಾಲ್ಕು ಶ್ವಾಸಕೋಶಗಳು ಅವುಗಳ ಹಿಂದಿವೆ. ಡೇವಿಸ್ ಮತ್ತು ಎಡ್ನಿ 1952ರಲ್ಲೇ ಜೇಡಗಳು ನೀರು ಕಳೆದುಕೊಳ್ಳುವ ಈ ದಾರಿಗಳನ್ನು ಪರೀಕ್ಷಿಸಿದ್ದರು. ಬೆಳೆದ ಟ್ಯಾರಂಟುಲಾ ಈ ಸೋರಿಕೆಯನ್ನು ಕುಡಿದು ತುಂಬಿಕೊಳ್ಳಬಲ್ಲದು. ಅದಕ್ಕೆ ಬೇಕಾದದ್ದು ಕುಡಿಯುವ ನೀರು.

ಅಪವಾದಗಳಿವೆ. ಈಗಷ್ಟೇ ಹೊರಬಂದ ಮರಿಗಳ ಮೈ ಚಿಕ್ಕದು, ಮೈಯ ಗಾತ್ರಕ್ಕೆ ಹೋಲಿಸಿದರೆ ಚರ್ಮದ ಹರವು ಹೆಚ್ಚು, ಹಾಗಾಗಿ ಬೇಗ ಒಣಗುತ್ತವೆ. ಅವುಗಳ ಮಣ್ಣಿನ ಒಂದು ಮೂಲೆ ಸದಾ ತೇವವಿರಬೇಕು. ಈಶಾನ್ಯ ದಕ್ಷಿಣ ಅಮೆರಿಕದ ಮಳೆಕಾಡಿನ ಥೆರಫೋಸಾದಂತಹ ದೈತ್ಯ ಜೇಡಗಳಿಗೆ ಆಳವಾದ, ಒಳಗೆ ತೇವ ಹಿಡಿದ ಮಣ್ಣು ಬೇಕು. ಆಗಲೂ ನೀರು ಸುರಿಯಬೇಕಾದದ್ದು ಮಣ್ಣಿಗೆ, ಜೇಡದ ಮೈಗಲ್ಲ. ಕೆಳಪದರ ತೇವ, ಮೇಲ್ಪದರ ಒಣ, ಗಾಳಿ ಆಡುವಂತಹ ಕಿಂಡಿಗಳು. ಯಾವುದು ತನಗೆ ಹಿತ ಎಂಬುದನ್ನು ಜೇಡ ತಾನೇ ಆರಿಸಿಕೊಳ್ಳುತ್ತದೆ.

ಎಲ್ಲಕ್ಕಿಂತ ಹೆಚ್ಚು ಪೆಟ್ಟು ತಿಂದದ್ದು ಮೇರಿಯನ್ನರ ಅವಿಕ್ಯುಲೇರಿಯಾ. ಮಳೆಕಾಡಿನದೇ ಆದ್ದರಿಂದ ಅದಕ್ಕೆ ಒದ್ದೆ ಬೇಕೆಂದು ಯಾರಿಗೂ ಅನುಮಾನವಿರಲಿಲ್ಲ. ಇದ್ದಕ್ಕಿದ್ದಂತೆ ಸಾಯುವ ಅದರ ಚಾಳಿಗೆ ಸಾಕುವವರು ಒಂದು ರೋಗದ ಹೆಸರನ್ನೇ ಕಟ್ಟಿಕೊಟ್ಟಿದ್ದರು. ಆದರೆ ಆ ಜೇಡ ಬದುಕುವುದು ನೆಲದಿಂದ ಮೇಲೆ, ಗಿಡಮರಗಳಲ್ಲಿ ನೂಲಿನ ಚೀಲ ಕಟ್ಟಿಕೊಂಡು. ಅಲ್ಲಿ ಮಳೆಯೂ ಇದೆ, ಮಳೆಯನ್ನು ಒಣಗಿಸುವ ಗಾಳಿಯೂ ಇದೆ. ಗಾಜಿನ ಪೆಟ್ಟಿಗೆ ಮಳೆಯನ್ನು ಕೊಟ್ಟಿತು, ಗಾಳಿಯನ್ನು ಕೊಡಲಿಲ್ಲ. ಇಂದು ಅನುಭವಿಗಳು ಹೇಳುವುದು: ಅಡ್ಡಲಾಗಿ ಗಾಳಿ ಹಾಯುವ ಕಿಂಡಿಗಳು, ಒಂದು ತಟ್ಟೆ ನೀರು, ಆಗೊಮ್ಮೆ ಈಗೊಮ್ಮೆ ಬಲೆಯ ಮೇಲೆ ಬೇಗ ಆರಿಹೋಗುವಷ್ಟು ಹನಿ. ಅಷ್ಟೇ.

ನನ್ನ ಗೆಳೆಯನಿಗೆ ಇದನ್ನು ಹೇಳಿದಾಗ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಅವನು ತೀರ್ಥಹಳ್ಳಿ ಕಡೆಯವನು. "ಹೋಗಲಿ, ನಮ್ಮನೆ ಅಡಿಕೆಗೆ ಕೊಳೆರೋಗ ಬರೋದು ಹೇಗೆ ಅಂತ ನಂಗೊತ್ತಿಲ್ವಾ? ಆಷಾಢದಾಗೆ ಬೂಸ್ಟು ಹಿಡಿಯೋ ಚಾಪೆ ನೋಡಿಲ್ವಾ?" ಎಂದ. ಗಾಳಿ ಬಿಸಿಲು ಇಲ್ಲದ ಒದ್ದೆ ಏನು ಮಾಡುತ್ತದೆಂದು ಮಲೆನಾಡಿನವನಿಗೆ ಯಾರೂ ಕಲಿಸಬೇಕಿಲ್ಲ. ತನ್ನ ಮನೆಯ ಆ ತಿಳಿವಳಿಕೆಯನ್ನು ಬಿಟ್ಟು ಅವನು ಕೈಚೀಟಿಯ ಅಂಕಿಯನ್ನು ನಂಬಿದ್ದ. ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ. ಅಂಕಿ ನೋಡಲು ವಿಜ್ಞಾನದಂತೆಯೇ ಇರುತ್ತದೆ.

ಈ ಕಥೆಯ ಕೊನೆಯ ನಿಲ್ದಾಣ ನಮ್ಮ ಪಕ್ಕದಲ್ಲೇ ಇದೆ. ಬಳ್ಳಾರಿಯಿಂದ ರೈಲಿನಲ್ಲಿ ಗುಂತಕಲ್ಲು ದಾಟಿದರೆ ಗುತ್ತಿ. 1882ರಲ್ಲಿ ಅನಂತಪುರ ಜಿಲ್ಲೆಯಾಗುವ ತನಕ ಅದು ಬಳ್ಳಾರಿ ಜಿಲ್ಲೆಗೇ ಸೇರಿತ್ತು. ಅಲ್ಲಿನ ರೈಲ್ವೆಯ ಮರದ ದಾಸ್ತಾನಿನಲ್ಲಿ ಸಿಕ್ಕ ನೀಲಿ ಜೇಡವೊಂದಕ್ಕೆ 1899ರಲ್ಲಿ ಪೋಕಾಕ್ 'ಪೊಯ್ಸಿಲೋಥೀರಿಯಾ ಮೆಟಾಲಿಕಾ' ಎಂದು ಹೆಸರಿಟ್ಟ. ಆಮೇಲೆ ನೂರು ವರ್ಷ ಅದರ ಸುದ್ದಿಯಿಲ್ಲ. 2001ರಲ್ಲಿ ಅದು ಮತ್ತೆ ಕಂಡದ್ದು ಗುತ್ತಿಯಿಂದ ಸುಮಾರು 100 ಕಿಲೋಮೀಟರ್ ದೂರದ, ನಂದ್ಯಾಲ ಮತ್ತು ಗಿದ್ದಲೂರಿನ ನಡುವಿನ ಕಾಡಿನಲ್ಲಿ. ಮರದ ದಿಮ್ಮಿಯ ಜೊತೆ ರೈಲು ಹತ್ತಿ ಗುತ್ತಿಗೆ ಬಂದಿರಬೇಕೆಂದು ತಿಳಿದವರ ಊಹೆ. 2008ರಲ್ಲಿ ಅದನ್ನು ಅಳಿವಿನ ಅಂಚಿನ ಪಟ್ಟಿಗೆ ಸೇರಿಸಲಾಯಿತು. 2019ರಲ್ಲಿ ಇಡೀ ಕುಲ ಸೈಟ್ಸ್ ಒಪ್ಪಂದದೊಳಗೆ ಬಂತು. ಸಾಕುವವರು 'ಮೈಸೂರು ಆರ್ನಮೆಂಟಲ್' ಎಂದು ಕರೆಯುವ ಜೇಡವೂ ಇದೇ ಕುಲದ್ದು.

ಇಂದು ಆ ನೀಲಿ ಜೇಡದ ಮರಿಗಳು ಯುರೋಪು, ಅಮೆರಿಕದ ಸಾಕಣೆಯಲ್ಲಿ ಹುಟ್ಟಿ ಬೆಳೆಯುತ್ತಿವೆ. ಅದರ ಕೈಚೀಟಿಗಳಲ್ಲೂ 'ಭಾರತ, ಮಾನ್ಸೂನ್, ಹೆಚ್ಚು ತೇವ' ಎಂಬ ಸಾಲು ಕಾಣಸಿಗುತ್ತದೆ. ಆದರೆ ಅದರ ಕಾಡು ಎಲೆ ಉದುರುವ ಕಾಡು. ಬೇಸಿಗೆಯಲ್ಲಿ ಆ ಸೀಮೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಜೇಡ ಹಗಲೆಲ್ಲ ಮರದ ಪೊಟರೆಯೊಳಗೆ ಅಡಗಿ ಕೂರುತ್ತದೆ. ಹೊರಗಿನ ಹವೆಗೂ ಪೊಟರೆಯ ಹವೆಗೂ ಅಜಗಜಾಂತರ. ಅದನ್ನು ಉಳಿಸುವುದು ಎಂದರೆ ಪೊಟರೆ ಬೀಳುವಷ್ಟು ಹಳೆಯ ಮರಗಳನ್ನು ಉಳಿಸುವುದು. ಸಿಂಪಡಿಸುವ ಬಾಟಲಿಯಿಂದ ಆಗುವ ಕೆಲಸವಲ್ಲ ಅದು. ನಮ್ಮಲ್ಲಿ ಇಂಥ ಜೇಡ ಕಂಡರೆ ಮಾಡಬೇಕಾದದ್ದು ಒಂದೇ, ಅದನ್ನು ಅದರ ಮರದಲ್ಲೇ ಬಿಡುವುದು.

ಗೆಳೆಯ ಹೋದ ವರ್ಷ ಇನ್ನೊಂದು ಜೇಡ ತಂದ. ಅದೂ ಸಾಕಣೆಯಲ್ಲೇ ಹುಟ್ಟಿದ್ದು, ಅದೇ ಜಾತಿಯದು. ಮೀಟರನ್ನು ತೆಗೆದು ಮೇಜಿನ ಖಾನೆಗೆ ಹಾಕಿದ್ದಾನಂತೆ. ಪೆಟ್ಟಿಗೆಯ ಎರಡೂ ಪಕ್ಕಕ್ಕೆ ಕಿಂಡಿ ಕೊರೆದಿದ್ದಾನೆ. ಕಳೆದ ವಾರ ರಾತ್ರಿ ಒಂದು ವಿಡಿಯೋ ಕಳಿಸಿದ. ಜೇಡ ಮೆಲ್ಲಗೆ ಇಳಿದು ಬಂದು, ಸೋಡಾ ಬಾಟಲಿಯ ಮುಚ್ಚಳದಷ್ಟು ನೀರಿನ ಮೇಲೆ ಬಗ್ಗಿ, ಮುಂಗಾಲು ಎರಡನ್ನೂ ಅಂಚಿಗೆ ಚಾಚಿ, ಅಲ್ಲಾಡದೆ ಕುಡಿಯುತ್ತಿತ್ತು. ಮೂರು ನಿಮಿಷದ ವಿಡಿಯೋದಲ್ಲಿ ಬೇರೇನೂ ನಡೆಯುವುದಿಲ್ಲ. ನಾನು ಅದನ್ನು ಕೊನೆಯವರೆಗೂ ನೋಡಿದೆ.